ಹಿಮಪಥದ ಸವಾರಿ ಮತ್ತು ಸವಾರನ ಹೊಣೆ

ನಮ್ಮ ಮೈಸೂರಿನ ತರುಣರು ಮೋಟಾರು ಸೈಕಲ್ಲೇರಿ ಹಿಮಾಲಯಕ್ಕೆ ಹೋಗಿಬರುವುದು ಈಗ ಅಪೂರ್ವವಾದ ಸಂಗತಿಯಾಗಿ ಉಳಿದಿಲ್ಲ. ಘಟ್ಟದ ದಾರಿಗಳು ತೆರೆದಿರುವ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಕಾಲಕ್ಕೆ ಮಾತ್ರ ಸಲ್ಲುತ್ತಿದ್ದ ಈ ಯಾತ್ರೆ ಈಚಿನ ವರ್ಷಗಳಲ್ಲಿ ಜನವರಿ, ಫೆಬ್ರವರಿಗಳ ಕಡುಚಳಿಯ ಕಡೆಗೂ ಮುಖ ತಿರುಗಿಸಿದೆ; ಡಾಂಬರು ಮುಗಿದಲ್ಲಿ ನಿಲ್ಲದೆ, ಹೆಪ್ಪುಗಟ್ಟಿದ ಹಳ್ಳಗಳನ್ನೂ ಹಿಮ ಮುಚ್ಚಿದ ಬಂಡಿಜಾಡುಗಳನ್ನೂ ಅರಸಿಕೊಂಡು ಹೋಗುವುದೇ ಅದರ ಉದ್ದೇಶವಾಗತೊಡಗಿದೆ. 2020ರ ಅಕ್ಟೋಬರ್ 3ರಂದು ಉದ್ಘಾಟನೆಗೊಂಡ, ಒಂಬತ್ತು ಕಿಲೋಮೀಟರು ಉದ್ದದ ಅಟಲ್ ಸುರಂಗವು ರೋಹ್ತಾಂಗ್ ಘಟ್ಟದ ನೆತ್ತಿಯನ್ನು ಹತ್ತದೆಯೇ ಲಾಹೌಲನ್ನು ಸೇರುವ ಅನುಕೂಲವನ್ನು ಕಲ್ಪಿಸಿಕೊಟ್ಟಿತು; ಕಿನ್ನೌರಿನ ಮಾರ್ಗವಾಗಿ ಸ್ಪಿತಿಗೂ, ಲೇಹ್‌ನಿಂದ ಖಾರ್ದುಂಗ್ ಲಾ ದಾಟಿ ನುಬ್ರಾ ಕಣಿವೆಗೂ ಹೋಗುವ ರಸ್ತೆಗಳನ್ನು, ಬಿದ್ದ ಹಿಮವನ್ನು ಮತ್ತೆ ಮತ್ತೆ ಸರಿಸಿ, ಚಳಿಗಾಲದಲ್ಲಿಯೂ ತೆರೆದಿಡಲಾಗುತ್ತದೆ. ಹೀಗೆ, ಹಿಂದೆ ನಿಸರ್ಗವೇ ಬಾಗಿಲು ಮುಚ್ಚಿಕೊಂಡಿರುತ್ತಿದ್ದ ಎಡೆಗಳಿಗೆ ದಾರಿಯಾದಾಗ, ಹೋಗಬಹುದೇ ಎಂಬ ಪ್ರಶ್ನೆ ಹಿಂದೆ ಸರಿದು, ಹೋಗುವವನು ಎಂಥವನಾಗಿರಬೇಕು, ಯಾವ ಹಕ್ಕಿನಿಂದ ಹೋಗಬೇಕು ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಈ ವಿಷಯದಲ್ಲಿ ನಮ್ಮ ನಡುವೆ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಉಂಡುಟ್ಟು ಸುಖವಾಗಿರುವ ಮಕ್ಕಳು ದುಡ್ಡು ಕೊಟ್ಟು ಕಷ್ಟವನ್ನು ಕೊಂಡುಕೊಳ್ಳುವುದೇಕೆ ಎಂಬುದು ಮನೆಯ ಹಿರಿಯರ ಪಕ್ಷ. ಪ್ರಾಣಭಯವನ್ನು ಗೆದ್ದವನೇ ಬದುಕನ್ನು ಕಂಡವನು ಎಂಬುದು ಸವಾರರ ಪಕ್ಷ. ಕಷ್ಟವನ್ನು ತಾನಾಗಿ ಅರಸಿ ಹೋಗುವ ಪ್ರವೃತ್ತಿ ಮನುಷ್ಯನಲ್ಲಿ ಇಲ್ಲದಿದ್ದರೆ ಸಮುದ್ರಯಾನವೂ ಪರ್ವತಾರೋಹಣವೂ ಹುಟ್ಟುತ್ತಿರಲಿಲ್ಲವೆಂಬುದನ್ನು ಮೊದಲನೆಯ ಪಕ್ಷ ಮರೆಯುತ್ತದೆ. ಚಳಿಯೆಂಬುದು ಎದೆಗಾರಿಕೆಗೆ ಮಣಿಯುವ ಶತ್ರುವಲ್ಲವೆಂಬುದನ್ನು ಎರಡನೆಯದು ಮರೆಯುತ್ತದೆ. ನನ್ನ ಪ್ರತಿಪಾದನೆ ಇಷ್ಟು: ಸಾಹಸದ ಯೋಗ್ಯತೆಯನ್ನು ಅಳೆಯತಕ್ಕದ್ದು ಏರಿದ ಎತ್ತರದಿಂದಲೂ ಅಲ್ಲ, ಪಟ್ಟ ಪಾಡಿನಿಂದಲೂ ಅಲ್ಲ, ಅದರ ಭಾರದಲ್ಲಿ ಎಷ್ಟನ್ನು ಸವಾರನು ತಾನೇ ಹೊತ್ತನು, ಎಷ್ಟನ್ನು ಪರರ ಹೆಗಲಿಗೆ ದಾಟಿಸಿದನು ಎಂಬುದರಿಂದ. ಬಯಲುಸೀಮೆಯಲ್ಲಿ ಈ ಅಂತರ ಕಣ್ಣಿಗೆ ಬೀಳದೆ ಹೋದೀತು. ಹಿಮದಲ್ಲಿ ಅದು ಮರೆಯಾಗಿರಲಾರದು, ಏಕೆಂದರೆ ಅಲ್ಲಿ ಒಬ್ಬನ ಅಸಡ್ಡೆ ಕೆಲವೇ ಗಂಟೆಗಳಲ್ಲಿ ಇನ್ನೊಬ್ಬನ ಪಾಲಿನ ಕೆಲಸವಾಗಿ ಪರಿಣಮಿಸುತ್ತದೆ.

ಮೊದಲು ಯಂತ್ರದ ಮಾತನ್ನು ನೋಡೋಣ. ಸಮುದ್ರಮಟ್ಟದಿಂದ ಸುಮಾರು 770 ಮೀಟರು ಎತ್ತರದಲ್ಲಿರುವ, ವರ್ಷದ ಅತ್ಯಂತ ತಣ್ಣನೆಯ ನಸುಕಿನಲ್ಲಿಯೂ ಉಷ್ಣಮಾನ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವಾದ ನಮ್ಮ ಊರಿನಲ್ಲಿ ಗುಂಡಿ ಒತ್ತಿದೊಡನೆ ಗುಡುಗುವ ಎಂಜಿನ್ನು, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಒಂದು ರಾತ್ರಿಯೆಲ್ಲ ಬಯಲಿನಲ್ಲಿ ನಿಂತಮೇಲೆ ಬೇರೊಂದು ವಸ್ತುವೇ ಆಗಿಬಿಡುತ್ತದೆ. ಧನುರ್ಮಾಸದ ಬೆಳಗ್ಗೆ ಶೀಸೆಯೊಳಗಿನ ತೆಂಗಿನೆಣ್ಣೆ ಬಿಳಿಗಟ್ಟಿ ಕುಳಿತಿರುವುದನ್ನು ಕಂಡವರಿಗೆ, ಅಲ್ಲಿ ಎಂಜಿನ್ ಆಯಿಲ್ ಯಾವ ಸ್ಥಿತಿಗೆ ಬರುವುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಮಂದವಾದ ಆ ಎಣ್ಣೆಯಲ್ಲಿ ಎಂಜಿನ್ನನ್ನು ತಿರುಗಿಸಲು ಹೆಚ್ಚಿನ ಬಲ ಬೇಕು. ಆ ಬಲ ಬೇಕಾದ ಗಳಿಗೆಯಲ್ಲಿಯೇ ಬ್ಯಾಟರಿ ತನ್ನ ಶಕ್ತಿಯ ಅರ್ಧದಷ್ಟನ್ನು ಚಳಿಗೆ ಒಪ್ಪಿಸಿ ಕುಳಿತಿರುತ್ತದೆ. ಪೆಟ್ರೋಲು ಗಡ್ಡೆಕಟ್ಟುವುದಿಲ್ಲವೆಂಬುದು ನಿಜ. ಆದರೆ ಅದು ಆವಿಯಾಗಲೊಲ್ಲದು, ಆವಿಯಾಗದ ಪೆಟ್ರೋಲಿಗೆ ಕಿಡಿ ತಗುಲಿಯೂ ಫಲವಿಲ್ಲ. ಇದರ ಮೇಲೆ ಎತ್ತರದ ಬಾಧೆ ಬೇರೆ: 5,300 ಮೀಟರಿನ ಸುಮಾರಿನಲ್ಲಿ ಗಾಳಿಯ ಒತ್ತಡ ಕಡಲತೀರದಲ್ಲಿ ಇರುವುದರ ಅರ್ಧದಷ್ಟಕ್ಕೆ ಇಳಿದಿರುವುದರಿಂದ, ಕಾರ್ಬುರೇಟರಿನ ಎಂಜಿನ್ನು ಪೆಟ್ರೋಲು ಹೆಚ್ಚಾಗಿ, ಗಾಳಿ ಸಾಲದೆ, ಕಪ್ಪು ಹೊಗೆ ಉಗುಳುತ್ತ ಏದುಸಿರು ಬಿಡುತ್ತದೆ, ಇಂದಿನ ಫ್ಯೂಯಲ್ ಇಂಜೆಕ್ಷನ್ ಪೆಟ್ರೋಲಿನ ಪ್ರಮಾಣವನ್ನು ತಾನೇ ತಗ್ಗಿಸಿಕೊಂಡು ಸಮತೆಯನ್ನು ಕಾಯ್ದುಕೊಂಡರೂ, ಇಲ್ಲದ ಆಮ್ಲಜನಕವನ್ನು ಎಲ್ಲಿಂದ ತಂದೀತು? ಟೈರಿನ ರಬ್ಬರು ಗಡುಸಾಗುತ್ತದೆ. ಕ್ಲಚ್ ಕೇಬಲ್ಲಿನೊಳಗೆ ಹೊಕ್ಕ ಒಂದು ಹನಿ ನೀರು ಗಡ್ಡೆಯಾದರೆ ಹಿಡಿ ಅಲುಗುವುದಿಲ್ಲ. ಇವುಗಳಲ್ಲಿ ಯಾವುದನ್ನೂ ಆಕಸ್ಮಿಕವೆನ್ನುವಂತಿಲ್ಲ. ತೆಳುವಾದ ಎಣ್ಣೆ ಹಾಕಿಸುವುದು, ರಾತ್ರಿ ಬ್ಯಾಟರಿಯನ್ನು ಕಳಚಿ ತನ್ನ ಹಾಸಿಗೆಯ ಮಗ್ಗುಲಲ್ಲಿ ಇಟ್ಟುಕೊಳ್ಳುವುದು, ಒಳಗೆ ತೇವ ಕೂಡದಂತೆ ಟ್ಯಾಂಕನ್ನು ತುಂಬಿಸಿಡುವುದು, ಕೇಬಲ್ಲುಗಳಿಗೆ ಹೊರಡುವ ಮುನ್ನವೇ ಎಣ್ಣೆಯೂಡುವುದು, ಇವೆಲ್ಲ ಊರಿನಲ್ಲಿಯೇ ತಿಳಿದುಕೊಳ್ಳಬಹುದಾದ ವಿವೇಕಗಳು.

ಯಂತ್ರಕ್ಕೆ ಬರುವ ಜಾಡ್ಯ ಶರೀರಕ್ಕೂ ಬರುತ್ತದೆ. ಅಲ್ಲಿ ಅದರ ನಡೆ ಮತ್ತಷ್ಟು ಗೂಢ. ನಿಂತಿರುವವನಿಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿ, ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಹೋಗುವವನ ಬರಿಮೈಗೆ 21 ಡಿಗ್ರಿ ಕೆಳಗಿನ ಚಳಿಯಾಗಿ ತಟ್ಟುತ್ತದೆ. ಕಾರಿನಲ್ಲಿ ಕುಳಿತವನಿಗೆ ಗಾಜಿನ ಮರೆಯುಂಟು. ಕಾಲ್ನಡಿಗೆಯವನಿಗೆ ನಡಿಗೆಯ ಬಿಸಿಯುಂಟು. ಮೋಟಾರು ಸೈಕಲ್ಲಿನವನಾದರೋ ಗಾಳಿಯನ್ನು ತಾನೇ ಎಬ್ಬಿಸಿಕೊಂಡು ಅದರ ಎದುರು ಅಲುಗದೆ ಕುಳಿತಿರಬೇಕು. ದಾರಿಯಿಲ್ಲದ ಹಿಮದಲ್ಲಿ ಹೂತ ಬಂಡಿಯನ್ನು ನೂಕುವಾಗ ಬೆವರಿ, ಹತ್ತಿಯ ಬನಿಯನ್ನು ತೊಯ್ದು, ಮತ್ತೆ ಏರಿ ಹೊರಟಾಗ ಆ ಬೆವರೇ ಅವನ ವೈರಿಯಾಗುತ್ತದೆ.

ಒಂದು ಸಣ್ಣ ಕೆಲಸವನ್ನು ಹತ್ತಿರದಿಂದ ನೋಡಿದರೆ ಇದರ ಸ್ವರೂಪ ಸ್ಪಷ್ಟವಾದೀತು. ಸ್ಪಾರ್ಕ್ ಪ್ಲಗ್ಗನ್ನು ಬದಲಿಸುವುದು ನಮ್ಮ ಬೀದಿಯ ಮೆಕ್ಯಾನಿಕ್ಕನ ಹುಡುಗನಿಗೆ ಐದು ನಿಮಿಷದ ಕೆಲಸ. ಅಲ್ಲಿ ದಪ್ಪ ಕೈಗವಸಿನ ಬೆರಳಿಗೆ ಪ್ಲಗ್ಗಿನ ಮರೆ ಕೂತಿತೋ ಇಲ್ಲವೋ ತಿಳಿಯುವುದಿಲ್ಲ; ಗವಸನ್ನು ತೆಗೆದರೆ ಮುಟ್ಟಿದ ಲೋಹವೆಲ್ಲ ಬೆರಳಿನ ಬಿಸಿಯನ್ನು ಹೀರುತ್ತದೆ; ಸ್ವಲ್ಪ ಹೊತ್ತಿನಲ್ಲಿಯೇ ತುದಿಗಳು ಸ್ಪರ್ಶಜ್ಞಾನವನ್ನು ಕಳೆದುಕೊಂಡು, ಹಿಡಿದದ್ದು ಹಿಡಿದಂತೆಯೇ ತೋರದು. ಅವಸರದಲ್ಲಿ ಪ್ಲಗ್ಗು ಓರೆಯಾಗಿ ಕೂತು, ಬಲವಾಗಿ ತಿರುಗಿಸಿದಾಗ ಅಲ್ಯುಮಿನಿಯಮ್ ಹೆಡ್ಡಿನ ಮರೆ ಸವೆದುಹೋದರೆ, ಅಲ್ಲಿಗೆ ಅದು ವಾಹನವಾಗಿ ಉಳಿಯದೆ, ನೂರೈವತ್ತು ಕಿಲೋಗಿಂತ ಹೆಚ್ಚು ತೂಕದ ಹೊರೆಯಾಗಿಬಿಡುತ್ತದೆ. ಶರೀರದ ಒಳಗಿನ ಉಷ್ಣ 35 ಡಿಗ್ರಿಗಿಂತ ಕೆಳಗಿಳಿದರೆ ಆಗುವುದು ಇದಕ್ಕಿಂತ ಭಯಂಕರ: ಮೊದಲು ನಡುಕ, ಅನಂತರ ತೊದಲು ಮಾತು, ಬಳಿಕ ವಿವೇಚನೆಯ ಮಂಕು. ಎತ್ತರದ ಬೇನೆಯೂ ತಲೆನೋವಿನಿಂದ ಆರಂಭವಾಗಿ, ಅಲಕ್ಷ್ಯ ಮಾಡಿದರೆ ಶ್ವಾಸಕೋಶಕ್ಕೂ ಮಿದುಳಿಗೂ ನೀರು ಸೇರುವವರೆಗೆ ಹೋಗಬಲ್ಲುದು. ಕೆಳಗಿಳಿಯುವುದೇ ಅದಕ್ಕೆ ನಂಬತಕ್ಕ ಚಿಕಿತ್ಸೆ. ತನಗೇನೂ ಆಗಿಲ್ಲವೆಂದು ಹಟಹಿಡಿಯುವುದೂ ಈ ಎರಡು ಅವಸ್ಥೆಗಳ ಒಂದು ಲಕ್ಷಣವೇ ಆಗಿರುವುದರಿಂದ, ಅಲ್ಲಿ ಯಾವನೂ ತನ್ನ ಬಗ್ಗೆ ತಾನೇ ತೀರ್ಪುಗಾರನಾಗಲಾರ. ಒಂಟಿಯಾಗಿ ಹಿಮದ ದಾರಿ ಹಿಡಿಯುವವನು ಈ ತೀರ್ಪನ್ನು ಹೇಳಬಲ್ಲ ಜೊತೆಗಾರನನ್ನು ಊರಿನಲ್ಲಿಯೇ ಬಿಟ್ಟು ಹೋದವನು.

ಇನ್ನು ನೆಲದ ಸ್ವಭಾವ. ಹಿಮವೆಂದರೆ ಒಂದೇ ವಸ್ತುವಲ್ಲ. ಹೊಸದಾಗಿ ಬಿದ್ದ ಪುಡಿಹಿಮದಲ್ಲಿ ಚಕ್ರ ಹೂಳುತ್ತದೆ. ಲಾರಿಗಳು ತುಳಿದು ನುಣುಪಾಗಿಸಿದ ಜಾಡಿನಲ್ಲಿ ಜಾರುತ್ತದೆ. ರಸ್ತೆಗೆ ಅಡ್ಡವಾಗಿ ಹರಿದ ಝರಿ ರಾತ್ರಿ ಹೆಪ್ಪುಗಟ್ಟಿ, ನೆಲದ ಬಣ್ಣವನ್ನೇ ತಾಳಿ, ಕಣ್ಣಿಗೆ ಕಾಣದ ಗಾಜಿನ ಹಾಸಾಗಿರುತ್ತದೆ. ಅಲ್ಲಿ ಮುಂದಿನ ಬ್ರೇಕನ್ನು ಮುಟ್ಟದೆ, ಫಸ್ಟ್ ಗೇರಿನಲ್ಲಿ, ಎಕ್ಸಲರೇಟರನ್ನು ಒಂದೇ ಸಮನಾಗಿ ಹಿಡಿದು, ಎರಡು ಕಾಲುಗಳನ್ನೂ ನೆಲಕ್ಕೆ ಸವರಿಸುತ್ತ, ನಯವಾದ ಜಾಡನ್ನು ಬಿಟ್ಟು ಒರಟಾದ ಅಂಚನ್ನು ಹಿಡಿದು ಸಾಗಬೇಕು. ಟೈರಿಗೆ ಸರಪಳಿ ಸುತ್ತುವ ಕ್ರಮವೂ ಉಂಟು. 2021ರ ಡಿಸೆಂಬರಿನಲ್ಲಿ ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ ಬೈಕುಗಳು ದಕ್ಷಿಣ ಧ್ರುವವನ್ನು ಮುಟ್ಟಿದ್ದು, ಮೊಳೆ ಬಡಿದ ಟೈರುಗಳಲ್ಲಿ ಗಾಳಿಯನ್ನು ತೀರ ತಗ್ಗಿಸಿಕೊಂಡು. ಈ ಕೌಶಲದ ಪ್ರಥಮ ಪಾಠಕ್ಕೆ ಹಿಮಾಲಯವೇ ಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ಕೊಡಗಿನ, ಸಕಲೇಶಪುರದ ಕಾಫಿತೋಟಗಳ ನಡುವಣ ಕೆಸರುದಾರಿಯಲ್ಲಿ ನಿಧಾನವಾಗಿ ಸಾಗುವುದನ್ನು ಕಲಿತವನ ಕೈಗಳು, ಜಾರುವ ಚಕ್ರದೊಡನೆ ಜಗಳವಾಡಬಾರದೆಂಬುದನ್ನು ಆಗಲೇ ಅರಿತಿರುತ್ತವೆ.

ಸವಾರನು ತನ್ನ ವಾಹನವನ್ನು ತಾನೇ ಅರಿತಿರಬೇಕೆಂಬ ಈ ನಿಯಮಕ್ಕೆ ಮೈಸೂರಿನಲ್ಲಿಯೇ ಒಂದು ಪರಂಪರೆ ಉಂಟು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು. 1996ರಲ್ಲಿ ಬಾಗಿಲು ಮುಚ್ಚುವವರೆಗೆ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳ ಮೂಲ ವಿನ್ಯಾಸ ಬಂದದ್ದು ಚಳಿಗಾಲದಲ್ಲಿ ಹಿಮ ಸುರಿಯುವ ಅಂದಿನ ಚೆಕೊಸ್ಲೊವಾಕಿಯಾದಿಂದ. ಅದೇ ಜಾವಾ ಹೆಸರಿನ ಬೇರೊಂದು ಜಾತಿಯ ಯಂತ್ರಗಳು ಇಂದಿಗೂ ಯೂರೋಪಿನ ಮಂಜುಗಡ್ಡೆಯ ಪಂದ್ಯಗಳಲ್ಲಿ, ಸುಮಾರು ಒಂದು ಅಂಗುಲ ಉದ್ದದ ಮೊಳೆಗಳ ಟೈರು ತೊಟ್ಟು ಓಡುತ್ತವೆ. ನಮ್ಮಲ್ಲಿ ಆ 250 ಸಿ.ಸಿ.ಯ ಟೂ-ಸ್ಟ್ರೋಕ್ ಬಂಡಿಯನ್ನು ಇಟ್ಟುಕೊಂಡಿದ್ದ ಅಧ್ಯಾಪಕನೋ ಗುಮಾಸ್ತನೋ, ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕೆಂಬುದನ್ನು ತಾನೇ ನೋಡಿಕೊಳ್ಳುತ್ತಿದ್ದನು. ಹೊಗೆ ಹಿಡಿದ ಪ್ಲಗ್ಗನ್ನು ಭಾನುವಾರ ಬಿಚ್ಚಿ ಎಮರಿ ಕಾಗದದಿಂದ ಉಜ್ಜುತ್ತಿದ್ದನು. ಪಕ್ಕದ ಡಬ್ಬಿಯಲ್ಲಿ ಒಂದು ಕ್ಲಚ್ ಕೇಬಲ್ಲನ್ನೂ ಒಂದು ಪ್ಲಗ್ಗನ್ನೂ ತಪ್ಪದೆ ಇಟ್ಟುಕೊಂಡಿರುತ್ತಿದ್ದನು. ಕಿಕ್ಕರೇ ಗೇರಿನ ಹಿಡಿಯೂ ಆಗಿದ್ದ ಆ ಬಂಡಿಯಲ್ಲಿ, ಕೈಗೆ ನಿಲುಕದ ರಹಸ್ಯವೆಂಬುದು ವಿರಳವಾಗಿತ್ತು. ಹಳೆಯ ಬಂಡಿ ಹೊಸದಕ್ಕಿಂತ ಮೇಲೆಂದು ನಾನು ಹೇಳುತ್ತಿಲ್ಲ. ಚಳಿಯಲ್ಲಿಯೂ ಎತ್ತರದಲ್ಲಿಯೂ ಇಂದಿನ ಬಂಡಿ ನಿಸ್ಸಂದೇಹವಾಗಿ ಹೆಚ್ಚು ಸಮರ್ಥವಾದದ್ದು. ಆದರೆ ಅದು ಕೆಡುವುದು ಕಡಿಮೆಯಾದಷ್ಟೂ ಅದರ ಒಡೆಯನ ಅರಿವೂ ಕಡಿಮೆಯಾಗುತ್ತ ಬಂದಿದೆ. ಸೆನ್ಸಾರೊಂದು ಮುಷ್ಕರ ಹೂಡಿದಾಗ ಏನು ಮಾಡಬೇಕೆಂಬುದು ಸಾವಿರದಲ್ಲಿ ಒಬ್ಬ ಸವಾರನಿಗೂ ತಿಳಿಯದು. ನಗರದಲ್ಲಿ ಈ ಅಜ್ಞಾನದ ಬೆಲೆ ಒಂದು ದೂರವಾಣಿ ಕರೆ. ಸ್ಪಿತಿಯ ಕಾಜಾದ ಆಚೆಗೆ ಅದರ ಬೆಲೆಯನ್ನು ತೆರುವವರು ಬೇರೆಯವರು.

ಹಿಮದಲ್ಲಿ ಬಾಳುವ ವಿದ್ಯೆಯ ಬಹುಭಾಗ ಬಯಲಿನಲ್ಲಿಯೇ ಸಿದ್ಧವಾಗುವುದೆಂಬುದಕ್ಕೆ ನಮ್ಮ ಸಿದ್ಧಾರ್ಥನಗರದ ರಕ್ಷಣಾ ಆಹಾರ ಸಂಶೋಧನಾಲಯ ಇನ್ನೊಂದು ಸಾಕ್ಷಿ. 1961ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ, ಹಸಿವೇ ಅಡಗಿಹೋಗುವ ಎತ್ತರದಲ್ಲಿ, ಶರೀರಕ್ಕೆ ಮಾತ್ರ ಎಂದಿಗಿಂತ ಹೆಚ್ಚು ಇಂಧನ ಬೇಕಾಗಿರುವ ಸೈನಿಕನಿಗೆ, ಹಗುರವಾದ, ಕೆಡದ, ಬೇಗ ಬಿಸಿಮಾಡಿ ತಿನ್ನಬಹುದಾದ ಆಹಾರವನ್ನು ಚಾಮುಂಡಿಬೆಟ್ಟದ ತಪ್ಪಲಿನ ಹಿತವಾದ ಹವೆಯಲ್ಲಿ ಕುಳಿತು ರೂಪಿಸಿಕೊಟ್ಟಿದೆ. ಅಷ್ಟೆಲ್ಲ ವಿದ್ಯೆ, ಶಿಕ್ಷಣ, ಶಿಸ್ತುಗಳು ಬೆಂಬಲಕ್ಕಿದ್ದರೂ ಹಿಮ ಯಾರಿಗೂ ರಿಯಾಯಿತಿ ತೋರುವುದಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ, ಹತ್ತೊಂಬತ್ತು ಸಾವಿರ ಅಡಿಗೂ ಮೇಲಿನ ಠಾಣ್ಯದ ಮೇಲೆ ಹಿಮರಾಶಿ ಕುಸಿದಾಗ, ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು ಆರು ದಿನಗಳ ತರುವಾಯ ಜೀವಸಹಿತ ದೊರೆತು, ಅದೇ ತಿಂಗಳ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ನಮ್ಮದೇ ಜಿಲ್ಲೆಯ ಎಚ್.ಡಿ. ಕೋಟೆಯ ಸಿಪಾಯಿ ಮಹೇಶರೂ ಆ ಹಿಮದಡಿಯಲ್ಲಿ ಮಡಿದರು. ಅವರನ್ನು ಅಲ್ಲಿಗೆ ಒಯ್ದದ್ದು ಕರ್ತವ್ಯ. ಸವಾರನನ್ನು ಒಯ್ಯುವುದು ಸ್ವೇಚ್ಛೆ. ಕರ್ತವ್ಯಕ್ಕಾಗಿ ಹೋದವನ ಹಿಂದೆ ಇಡೀ ದೇಶ ನಿಲ್ಲಬೇಕಾದುದು ನ್ಯಾಯ. ಸ್ವೇಚ್ಛೆಯಿಂದ ಹೋದವನು ಅದೇ ನೆರವನ್ನು ಹಕ್ಕೆಂಬಂತೆ ನಿರೀಕ್ಷಿಸಿದರೆ, ಅದು ಆ ಯೋಧರ ಹೆಸರಿಗೆ ಸಲ್ಲಿಸುವ ಗೌರವವಾಗಲಾರದು. ಬೈಕಿನ ಮೇಲೆ ಧ್ವಜ ಕಟ್ಟಿಕೊಂಡು ಹೊರಡುವವರು ಆಲೋಚಿಸತಕ್ಕ ಮಾತಿದು.

ಭಾರ ಹೊರುವವರು ಯಾರೆಂಬುದನ್ನು ಇನ್ನಷ್ಟು ಬಿಡಿಸಿ ನೋಡಬೇಕು. ಈ ದಾರಿಗಳ ಹಿಮವನ್ನು ಸರಿಸುವ, 1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆಯ ಕೆಲಸಗಾರರಲ್ಲಿ ಅನೇಕರು ಝಾರ್ಖಂಡ, ಬಿಹಾರಗಳ ಬಿಸಿ ಬಯಲಿನಿಂದ ಕೂಲಿಗಾಗಿ ಬಂದವರು. ಸಿಕ್ಕಿಬಿದ್ದ ಬಂಡಿಯನ್ನು ತಳ್ಳಲು ಮೊದಲು ಬರುವ ಕೈಗಳು ಬಹುಮಟ್ಟಿಗೆ ಅವರವೇ. ಸ್ಪಿತಿ, ಲಡಾಖುಗಳ ಹಳ್ಳಿಗಳಲ್ಲಿ ಚಳಿಗಾಲವೆಂದರೆ ಬೇಸಿಗೆಯಲ್ಲಿ ಕೂಡಿಟ್ಟ ಸೌದೆ, ಬೆರಣಿ, ಧಾನ್ಯ, ಮೇವುಗಳ ಮೇಲೆ ಬದುಕುವ ಕಾಲ. ನಲ್ಲಿಯ ನೀರು ಹೆಪ್ಪುಗಟ್ಟಿ, ಕುಡಿಯುವ ನೀರನ್ನು ದೂರದಿಂದ ಹೊತ್ತು ತರುವ ಕಾಲ. ಆ ಮನೆಯ ಒಲೆಯ ಬಳಿ ನಾಲ್ವರು ಅನಿರೀಕ್ಷಿತ ಅತಿಥಿಗಳು ಬಂದು ಕುಳಿತರೆ, ಮನೆಯೊಡತಿ ನಗುಮುಖದಿಂದಲೇ ಇನ್ನಷ್ಟು ಸೌದೆ ಒಟ್ಟುತ್ತಾಳೆ. ಆ ಸೌದೆ ಚೈತ್ರದವರೆಗೆ ಎಣಿಸಿ ಇಟ್ಟದ್ದೆಂಬುದನ್ನು ಹೇಳುವುದಿಲ್ಲ.

ಸವಾರರು ಬರುವುದರಿಂದ ಬೆಟ್ಟದ ಜನರಿಗೆ ನಾಲ್ಕು ಕಾಸು ದೊರೆಯುವುದಿಲ್ಲವೇ ಎಂಬ ಆಕ್ಷೇಪಣೆ ಇಲ್ಲಿ ಸಹಜ, ಮತ್ತು ಅದರಲ್ಲಿ ಸತ್ಯವೂ ಉಂಟು. ಮೊದಲೇ ತಿಳಿಸಿ, ತಕ್ಕ ಬೆಲೆ ಕೊಟ್ಟು, ಊರಿನವನನ್ನೇ ಮಾರ್ಗದರ್ಶಕನನ್ನಾಗಿ ಮಾಡಿಕೊಂಡು ಬರುವವನು ಅವರಿಗೆ ಭಾರವಲ್ಲ, ಆಧಾರ. ಆದರೆ ವ್ಯಾಪಾರವೆಂಬುದು ಎರಡು ಕಡೆಯವರೂ ಒಪ್ಪಿ ನಡೆಸುವ ವ್ಯವಹಾರ. ನಡುರಾತ್ರಿಯ ಹಿಮದಲ್ಲಿ ಸಿಕ್ಕಿಕೊಂಡವನನ್ನು ಎತ್ತಿ ತರುವುದು ವ್ಯಾಪಾರವಲ್ಲ, ಅದು ಧರ್ಮಸಂಕಟ. ದುಡ್ಡು ಕೊಟ್ಟೆನೆಂಬ ಮಾತಿನಿಂದ ಆ ಋಣ ತೀರುವುದಿಲ್ಲ. ನೆಲದ ಋಣವೂ ಹೀಗೆಯೇ. ಲಡಾಖಿನ ಚಾಂಗ್‌ಥಾಂಗಿನಂಥ ಎತ್ತರದ ಬಯಲಿನಲ್ಲಿ ಹುಲ್ಲು ಬೆಳೆಯುವುದು ವರ್ಷದ ಕೆಲವೇ ವಾರಗಳಲ್ಲಿ; ಅಲ್ಲಿ ದಾರಿ ಬಿಟ್ಟು ಓಡಿಸಿದ ಚಕ್ರದ ಗೆರೆ ಒಂದು ಮಳೆಗಾಲದಲ್ಲಿ ಅಳಿಸಿಹೋಗುವಂಥದ್ದಲ್ಲ. ಆದುದರಿಂದ ದಾರಿಯಿಲ್ಲದ ಸವಾರಿ ಎಂದರೆ ಡಾಂಬರಿಲ್ಲದ ದಾರಿಯ ಸವಾರಿಯೆಂದು ತಿಳಿಯಬೇಕೇ ಹೊರತು, ಕಂಡ ಹುಲ್ಲುಗಾವಲೆಲ್ಲ ದಾರಿಯೆಂದು ತಿಳಿಯಬಾರದು.

ಇಷ್ಟು ಹೊಣೆಗಳ ಪಟ್ಟಿಯನ್ನು ಮುಂದಿಟ್ಟಮೇಲೆ, ಹಾಗಾದರೆ ಹೋಗದಿರುವುದೇ ಲೇಸಲ್ಲವೇ ಎಂದು ಕೇಳುವವರಿಗೆ, ಅಲ್ಲವೆಂದೇ ನನ್ನ ಉತ್ತರ. ತನ್ನ ನಿರ್ಧಾರದ ಫಲವನ್ನು ತಕ್ಷಣ, ನೇರವಾಗಿ, ನೆಪಗಳಿಲ್ಲದೆ ಅನುಭವಿಸುವ ಅವಕಾಶ ನಗರಜೀವನದಲ್ಲಿ ವಿರಳವಾಗುತ್ತಿರುವಾಗ, ಅಂಥ ಶಿಕ್ಷಣವನ್ನು ಕೊಡಬಲ್ಲ ಎಡೆಗಳಲ್ಲಿ ಹಿಮದ ದಾರಿಯೂ ಒಂದು. ಜಪಾನಿನ ಶಿಂಜಿ ಕಜಾಮಾ 1987ರಲ್ಲಿ ಉತ್ತರ ಧ್ರುವವನ್ನೂ 1992ರಲ್ಲಿ ದಕ್ಷಿಣ ಧ್ರುವವನ್ನೂ ಮೋಟಾರು ಸೈಕಲ್ಲಿನ ಮೇಲೆ ಮುಟ್ಟಿದಾಗ, ಮನುಷ್ಯನ ಸಾಮರ್ಥ್ಯದ ಎಲ್ಲೆ ಒಂದಿಷ್ಟು ವಿಸ್ತಾರವಾಯಿತೆಂಬುದನ್ನು ಯಾರು ಅಲ್ಲಗಳೆಯಬಲ್ಲರು? ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಹಿಮಾಲಯದ ರ‍್ಯಾಲಿಯಲ್ಲಿ ಪಳಗಿ, 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲನೆಯ ಭಾರತೀಯರಾದರು. 2021ರಲ್ಲಿ ಅದೇ ಸ್ಪರ್ಧೆಯಲ್ಲಿ ತೀವ್ರವಾಗಿ ಗಾಯಗೊಂಡು ಚೇತರಿಸಿಕೊಂಡರು. ಇಂಥವರ ಚಿತ್ರವನ್ನು ನೋಡಿ ಹುರುಪುಗೊಳ್ಳುವವರು, ಆ ಚಿತ್ರದ ಚೌಕಟ್ಟಿನ ಹೊರಗೆ ನಿಂತ ವೈದ್ಯರನ್ನೂ ಮೆಕ್ಯಾನಿಕ್ಕುಗಳನ್ನೂ ಹೆಲಿಕಾಪ್ಟರನ್ನೂ ವರ್ಷಗಳ ಅಭ್ಯಾಸವನ್ನೂ ಕಾಣಬೇಕು. ಅವರು ಸಾಹಸದ ಬೆಲೆಯನ್ನು ಮೊದಲೇ ಲೆಕ್ಕಹಾಕಿ, ಅದಕ್ಕೆ ಬೇಕಾದ ನೆರವನ್ನು ಒಪ್ಪಂದದಿಂದ ಒದಗಿಸಿಕೊಂಡು ಹೊರಟವರು.

ಆದುದರಿಂದ ಮೈಸೂರಿನ ಸವಾರರ ಸಂಘಗಳಿಗೂ, ಈ ಊರಿನ ಎಂಜಿನಿಯರಿಂಗ್ ಕಾಲೇಜುಗಳಿಗೂ ನನ್ನ ಸೂಚನೆ ಸರಳವಾದದ್ದು. ಚಳಿಗಾಲದ ಹಿಮಾಲಯಕ್ಕೆ ಹೊರಡುವ ಪ್ರತಿಯೊಬ್ಬನೂ ದಪ್ಪ ಕೈಗವಸು ತೊಟ್ಟು ಕ್ಲಚ್ ಕೇಬಲ್ಲನ್ನೂ ಟ್ಯೂಬನ್ನೂ ಬದಲಿಸಿ ತೋರಿಸಲಿ. ಚಳಿ ಹಿಡಿದವನ ಮರಗಟ್ಟಿದ ಬೆರಳನ್ನು ಉಜ್ಜಬಾರದು, ಮತ್ತೆ ಹೆಪ್ಪುಗಟ್ಟುವ ಭಯವಿದ್ದಲ್ಲಿ ಕಾಯಿಸಲೂಬಾರದು ಎಂಬಷ್ಟು ಪ್ರಥಮಚಿಕಿತ್ಸೆಯನ್ನಾದರೂ ಕಲಿಯಲಿ. ಲೇಹ್ ತಲುಪಿದಮೇಲೆ ಎರಡು ದಿನ ಸುಮ್ಮನೆ ಇರುವಷ್ಟು ರಜೆ ತನಗಿಲ್ಲದಿದ್ದರೆ ಯಾತ್ರೆಯನ್ನು ಮುಂದೂಡಲಿ. ತನ್ನನ್ನು ರಕ್ಷಿಸಿ ತರುವ ವೆಚ್ಚವನ್ನು ವಿಮೆಯಿಂದಲೋ ಠೇವಣಿಯಿಂದಲೋ ಮೊದಲೇ ಕಟ್ಟಿಟ್ಟಿರಲಿ. ಇವು ಉತ್ಸಾಹಕ್ಕೆ ಹಾಕುವ ಬೇಲಿಗಳಲ್ಲ. ಈಜು ಬಲ್ಲವನಿಗೆ ಮಾತ್ರ ಹೊಳೆ ಸುಖ ಕೊಡುವುದು.

ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಪ್ರಶಂಸೆಯ ಅಳತೆಗೋಲು ಬದಲಾಗಬೇಕು. ಖಾರ್ದುಂಗ್ ಲಾದ ಫಲಕ ಬಹುಕಾಲ 18,380 ಅಡಿಯೆಂದು ಸಾರುತ್ತಿತ್ತು. ಆಧುನಿಕ ಅಳತೆಯಲ್ಲಿ ಅದು ಸುಮಾರು 17,582 ಅಡಿ. ಆ ಫಲಕದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಬಂದವರ ಅನುಭವ ಇದರಿಂದ ಸುಳ್ಳಾಗಲಿಲ್ಲ. ಆದರೆ ಅಡಿಗಳ ಲೆಕ್ಕದ ಮೇಲೆ ನಿಂತ ಹೆಮ್ಮೆ ಎಷ್ಟು ದುರ್ಬಲವೆಂಬುದು ಇದರಿಂದ ಗೊತ್ತಾಗುತ್ತದೆ. ಘಟ್ಟದ ನೆತ್ತಿಗೆ ಇನ್ನು ಎರಡು ತಿರುವು ಇರುವಾಗ, ಜೊತೆಗಾರನ ಮಾತು ತೊದಲುವುದನ್ನು ಗಮನಿಸಿ, ಬಂಡಿಯನ್ನು ಹಿಂದಕ್ಕೆ ತಿರುಗಿಸಿದವನ ಕಥೆಯನ್ನು ನಮ್ಮ ಸಂಘಗಳು ಎಂದಾದರೂ ವೇದಿಕೆಯ ಮೇಲೆ ಹೇಳಿಸಿವೆಯೇ? ನೆತ್ತಿ ಮುಟ್ಟಿದವನಿಗೆ ಹಾಕುವ ಹಾರವನ್ನು, ಮುಟ್ಟಬಹುದಾಗಿದ್ದೂ ಪರರ ಹೆಗಲಿಗೆ ಭಾರವಾಗಲೊಲ್ಲದೆ ಮರಳಿದವನಿಗೂ ನಾವು ಹಾಕುವಂತಾದರೆ, ಹಿರಿಯರ ಅಂಜಿಕೆಗೂ ತರುಣರ ಹುಮ್ಮಸ್ಸಿಗೂ ನಡುವೆ ಈಗಿರುವ ಜಗಳದಲ್ಲಿ ಅರ್ಧದಷ್ಟು ತೀರಿಹೋದೀತು. ಉಳಿದ ಅರ್ಧವನ್ನು, ಚೆನ್ನಾಗಿ ಸಿದ್ಧನಾಗಿ ಹೊರಟು, ಯಾರಿಗೂ ಹೊರೆಯಾಗದೆ ಹಿಂದಿರುಗುವ ಪ್ರತಿಯೊಬ್ಬ ಸವಾರನೂ ತನ್ನ ನಡತೆಯಿಂದಲೇ ತೀರಿಸಬಲ್ಲನು.